ಏಳು ಸಾವಿರ ಸುತ್ತು

ಲೈಟು ಬೇಡ, ಹಾಗೇ ಇರಲಿ. ಕೇಳಿದಿರಿ, ಹೇಳುತ್ತೇನೆ. ಆದರೆ ಮಧ್ಯದಲ್ಲಿ ಯಾರೂ ನಗಬಾರದು. ನಾನು ದೆವ್ವ ಭೂತ ನಂಬುವವಳಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ಮೀಟರ್‌ನಲ್ಲಿ ಕಂಡದ್ದನ್ನು ಮಾತ್ರ ನಂಬುತ್ತೇನೆ. ಇದು ಮೀಟರ್‌ನಲ್ಲೇ ಕಂಡದ್ದು...

ಎರಡು ಸಾವಿರದ ಎರಡನೇ ಇಸವಿ. ನಮ್ಮ ಚಿಕ್ಕಪ್ಪನ ಮಗ ಅರುಣ್‌ಕುಮಾರ್ ಮತ್ತು ನಾನು ಮುಳಬಾಗಿಲಿನಿಂದ ಕಡೇ ಬಸ್ಸಿನಲ್ಲಿ ಬಂದು ತಾಯಲೂರಿನಲ್ಲಿ ಇಳಿದೆವು. ಹತ್ತು ಗಂಟೆ ದಾಟಿತ್ತು. ಮನೆಗೆ ಹೋಗುವ ದಾರಿಯಲ್ಲಿ ಮುನಿಶಾಮಿಯ ಮೋಟಾರ್ ವೈಂಡಿಂಗ್ ಅಂಗಡಿ. ಅಂಗಡಿಯ ಹಿಂದೆ ಕಟ್ಟೆ ಕುಸಿದ ಹಳೇ ಬಾವಿ. ಅಲ್ಲಿ ಬಂದರೆ ಯಾರೇ ಆಗಲಿ ದನಿ ತಗ್ಗಿಸುತ್ತಾರೆ. ನಾವೂ ತಗ್ಗಿಸಿದೆವು.

"ಅಕ್ಕ... ಭಾರ್ಗವನ ಗಿಟಾರ್ ಕೇಳಿದ್ಯಾ ಇವತ್ತು?"

"ಕೇಳ್ದೆ."

"ಮೈ ಉರಿಯುತ್ತೆ ಕಣಕ್ಕ."

ಭಾರ್ಗವ್ ಮುಳಬಾಗಿಲಿನ ಆಡಿಟರ್ ಮಗ. ಅವನು, ನಮ್ಮ ಅರುಣ, ಇನ್ನಿಬ್ಬರು ಸೇರಿ ಹೆವಿ ಮೆಟಲ್ ಬ್ಯಾಂಡ್ ಕಟ್ಟಿದ್ದರು. ಆಡಿಟರ್ ಮನೆಯ ಮಹಡಿಯಲ್ಲಿ ಪ್ರಾಕ್ಟೀಸ್. ಪಕ್ಕದ ಬೀದಿಯವರು ಹಿಟ್ಟಿನ ಗಿರಣಿ ಬಂತು ಅಂದುಕೊಂಡಿದ್ದರು. ಹನ್ನೆರಡು ದಿನಕ್ಕೆ ಕೋಲಾರದ ಒಂದು ಕಾಲೇಜಿನಲ್ಲಿ ಅವರ ಮೊದಲ ಕಾರ್ಯಕ್ರಮ. ಯಾರ ಗಿಟಾರ್ ಜೋರೋ ಅವನಿಗೇ ಲೀಡ್, ಅಂದರೆ ಮುಂದೆ ನಿಂತು ಒಬ್ಬನೇ ಬಾರಿಸುವ ಪಾಲು, ಎಂದು ಮಾತಾಗಿತ್ತು.

ಆ ತಿಂಗಳು ಭಾರ್ಗವ್ ಬೆಂಗಳೂರಿನಿಂದ ಫಾರಿನ್ ಪಿಕಪ್ ತರಿಸಿ ಹಾಕಿಸಿಕೊಂಡಿದ್ದ. ಪಿಕಪ್ ಅಂದರೆ ಟೊಮೇಟೊ ಸಾಗಿಸುವ ಗಾಡಿಯಲ್ಲ, ನಮ್ಮಜ್ಜಿ ಆಂಜಿನಮ್ಮ ಹಾಗೇ ತಿಳಿದು ಡ್ರೈವರ್ ಯಾರು ಅಂತ ಕೇಳಿದ್ದಳು. ಗಿಟಾರಿನ ತಂತಿಗಳ ಕೆಳಗೆ ಕೂರುವ ಒಂದು ಪುಟ್ಟ ಪಟ್ಟಿ ಅದು. ಆಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿರುತ್ತಾರೆ. ಸುತ್ತು ಹೆಚ್ಚಾದಷ್ಟೂ ಗಿಟಾರ್ ಜೋರಾಗಿ ಕೂಗುತ್ತದೆ, ಮೆಟಲ್‌ಗೆ ಬೇಕಾಗಿರುವುದೇ ಅದು. ಭಾರ್ಗವನದು 'ಜಗ್ ಜಗ್ ಜಗ್' ಅಂತ ಎದೆಗೆ ಗುದ್ದುತ್ತಿತ್ತು. ಅರುಣನದು ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ 'ಚುರ್ ಚುರ್' ಅನ್ನುತ್ತಿತ್ತು.

ನಾನೇನು ಸಾಚಾ ಅಲ್ಲ. ಭಾರ್ಗವನಿಗಿಂತ ನನಗೆ ಚೆನ್ನಾಗಿ ಬೆಸುಗೆ ಹಾಕಲು ಬರುತ್ತಿತ್ತು. ಆ ಪಿಕಪ್ ಕೂರಿಸುವಾಗ ಅವನು ನನಗೆ, "ಶಿವಾನಿ, ಸ್ವಲ್ಪ ಟಾರ್ಚ್ ಹಿಡ್ಕೋ" ಅಂದಿದ್ದ. ಹಿಡಿದಿದ್ದೆ. ಮರೆತಿರಲಿಲ್ಲ.

ಮುನಿಶಾಮಿಯ ಅಂಗಡಿಯಲ್ಲಿ ಬೆಳಕಿತ್ತು. ತ್ರೀ ಫೇಸ್ ಕರೆಂಟು ಬರುತ್ತಿದ್ದುದೇ ರಾತ್ರಿ. ಸುತ್ತಿದ ಮೋಟಾರನ್ನು ಓಡಿಸಿ ನೋಡಬೇಕಾದರೆ ಅವನು ಆಗಲೇ ಕೂರಬೇಕು. ಅರುಣ ಸೀದಾ ಒಳಗೆ ನುಗ್ಗಿ, ಹೆಗಲಿನ ಗಿಟಾರ್ ಇಳಿಸಿ ಪಿಕಪ್ಪನ್ನು ಕಿತ್ತು ಅವನ ಮುಂದಿಟ್ಟ.

"ಮಾವ, ಇದನ್ನ ಬಿಚ್ಚಿ ಹೊಸದಾಗಿ ಸುತ್ತಬೇಕು. ಆಡಿಟರ್ ಮಗನದ್ದು ಆರೂವರೆ ಸಾವಿರ ಸುತ್ತು. ನಂದು ಏ..."

ಮುನಿಶಾಮಿ ಫಟ್ಟನೆ ಅವನ ಬಾಯಿ ಮುಚ್ಚಿದ. ಗ್ರೀಸ್ ಕೈ.

"ಆ ಲೆಕ್ಕ ಇಲ್ಲಿ ಬೇಡ ನಾಯನಾ. ಆರು ಸಾವಿರ ಸುತ್ತಿಕೊಡ್ತೀನಿ. ಆರು ಚಾಲು, ಸಾಕು."

ಅಷ್ಟು ಸಣ್ಣ ತಂತಿ ಅವನಲ್ಲಿ ಇದ್ದದ್ದು ಒಂದೇ ಉಂಡೆ. ಅವನ ಅಣ್ಣ ಆಂಜಿನಪ್ಪ ಕೆಜಿಎಫ್ ಕಡೆಯ ಮೀಟರ್‌ಗಳ ರಿಪೇರಿಗೆಂದು ಯಾವಾಗಲೋ ತಂದಿಟ್ಟಿದ್ದು. ಆಂಜಿನಪ್ಪ ಆಗಲೇ ಇರಲಿಲ್ಲ. ಹಿಂದಿನ ಬಾವಿಯಿಂದ ಮೋಟಾರ್ ಎತ್ತುವಾಗ ಹಗ್ಗ ಕಿತ್ತು, ಮೋಟಾರ್ ಸಮೇತ ಹೋಗಿದ್ದ.

ಸುತ್ತುವ ಯಂತ್ರಕ್ಕೆ ಕೈಹಿಡಿ. ತಿರುಗಿಸಿದರೆ 'ಕಿರ್ರ್...' ಅನ್ನುತ್ತದೆ. ನೂರು ಸುತ್ತಿಗೊಮ್ಮೆ 'ಟಕ್' ಅನ್ನುತ್ತದೆ. ಹತ್ತು ಟಕ್ ಆದರೆ ಸಾವಿರ, ಅದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮುನಿಶಾಮಿ ಆ ಸಾವಿರಗಳನ್ನು ತೆಲುಗಿನಲ್ಲಿ ಎಣಿಸುತ್ತಿದ್ದ. ಕಿರ್ರ್... ಹತ್ತನೇ ಟಕ್. ಒಕಟಿ. ಕಿರ್ರ್... ಮತ್ತೆ ಹತ್ತನೇ ಟಕ್. ರೆಂಡು. ಐದು ಸಾವಿರ ಆದ ಮೇಲೆ ಎದ್ದು ಕೈ ಒರೆಸಿಕೊಂಡ.

"ಊಟ ಮಾಡ್ಕೊಂಡು ಬರ್ತೀನಿ. ನೀನು ತಿರುಗಿಸ್ತಿರು, ಆರಕ್ಕೆ ನಿಲ್ಸು. ಅಕಸ್ಮಾತ್ ದಾಟಿದ್ರೆ 'ಆರುನ್ನೊಕ್ಕಟಿ' ಅನ್ನು. ಆ ಮಾತು ಮಾತ್ರ ಬಾಯಲ್ಲಿ ಬರಬಾರದು."

ಆ ಮಾತು ಯಾವುದು ಅಂತ ನಮಗೆ ಗೊತ್ತು. ತೆಲುಗಿನಲ್ಲಿ ಏಳಕ್ಕೆ 'ಏಡು' ಅನ್ನುತ್ತಾರೆ. 'ಏಡು' ಅಂದರೆ 'ಅಳು' ಅಂತಲೂ ಅರ್ಥ. ರಾಗಿ ಅಳೆಯುವವರೂ ಅದನ್ನು ನುಡಿಯುವುದಿಲ್ಲ, ಆರು ಮತ್ತೊಂದು ಅನ್ನುತ್ತಾರೆ. ಈ ಅಂಗಡಿಯಲ್ಲಂತೂ 'ಏಡು' ಅಂದರೆ ಬಾವಿಯೊಳಗೆ ಆಂಜಿನಪ್ಪ ಅಳುತ್ತಾನೆ ಅಂತ ಊರೆಲ್ಲ ಹೇಳುತ್ತಿತ್ತು.

ಆರು ಸಾವಿರ ಆಯಿತು. ಅರುಣ ನಿಲ್ಲಿಸಲಿಲ್ಲ.

"ಸಾಕು ಕಣೋ," ಅಂದೆ.

"ಅವನದ್ದು ಆರೂವರೆ ಅಕ್ಕ."

ಕಿರ್ರ್... ಟಕ್. ಕಿರ್ರ್... ಟಕ್. ಹತ್ತನೇ ಟಕ್ ಆಯಿತು. ಅರುಣ ಬಾಯಿ ತೆರೆದು, ತಡೆದು, ನನ್ನ ಮುಖ ನೋಡಿದ. ತೆಲುಗಿನ ಮಾತು ಆಡಬಾರದು ಅಂತ ಅವನಿಗೆ ನೆನಪಿತ್ತು. ಬುದ್ಧಿವಂತ. ಅಚ್ಚ ಕನ್ನಡದಲ್ಲಿ, ಗಟ್ಟಿಯಾಗಿ ಅಂದ.

"ಏಳು."

ಹೊರಗೆ ಜೀರುಂಡೆಗಳು ಒಟ್ಟಿಗೆ ನಿಂತವು. ಬಾವಿಯಲ್ಲಿ 'ಗಳಕ್' ಅಂತ ಒಂದು ಸದ್ದು. ಆಮೇಲೆ ಹಿಂದಿನ ಗೋಡೆಯ ಆಚೆ... ಚಪ್. ಚಪ್. ಒದ್ದೆ ಕಾಲಿನ ಸದ್ದು. ಬಾಗಿಲ ತನಕ ಬಂದು ನಿಂತಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೇ.

ಮುನಿಶಾಮಿ ಊಟ ಬಿಟ್ಟು ಓಡಿ ಬಂದ. ಎಂಜಲು ಕೈ. ನೆಲದ ನೀರು ನೋಡಿದ.

"ಏಮನ್ನಾವು ರಾ?" ಪಿಸುಗುಟ್ಟಿದ. "ಏನಂದೆ?"

"ಏಡು ಅನ್ನಲಿಲ್ಲ ಮಾವ, ಆಣೆಗೂ. ಕನ್ನಡದಲ್ಲೇ ಏಳು ಅಂದೆ."

ಮುನಿಶಾಮಿ ಅಲ್ಲೇ ಕುಸಿದು ಕೂತ.

"ಏಡು ಅಂದಿದ್ರೆ ಅಳೋನು, ಅತ್ತು ಸುಮ್ಮನಾಗೋನು... ನೀನು ಎಬ್ಬಿಸಿಬಿಟ್ಯಲ್ಲೋ."

ಮರುದಿನ ಸಂಜೆ ಪಿಕಪ್ಪನ್ನು ಗಿಟಾರಿಗೆ ನಾನೇ ಕೂರಿಸಿದೆ. ಮೀಟರ್ ಇಟ್ಟೆ. ಹನ್ನೊಂದು ಪಾಯಿಂಟ್ ಎರಡು ಕಿಲೋ ಓಮ್. ತಂತಿ ಸಣ್ಣದಾದಷ್ಟೂ, ಸುತ್ತು ಹೆಚ್ಚಿದಷ್ಟೂ ಅಂಕಿ ಹೆಚ್ಚು ಅಂತ ತಿಳಿದುಕೊಳ್ಳಿ. ಭಾರ್ಗವನದು ಹದಿನಾರು ಪಾಯಿಂಟ್ ನಾಲ್ಕು ಇತ್ತು, ಅದನ್ನೂ ನಾನೇ ಅಳೆದಿದ್ದೆ. ಸುತ್ತು ನಮ್ಮದೇ ಹೆಚ್ಚಾದರೂ ಆಂಜಿನಪ್ಪನ ತಂತಿ ಕಂಪನಿಯದಕ್ಕಿಂತ ಕೊಂಚ ದಪ್ಪ. ಅರುಣನ ಮುಖ ಬಾಡಿತು.

ಬೆಳಿಗ್ಗೆ ಎದ್ದು ಮತ್ತೆ ಇಟ್ಟರೆ ಹನ್ನೆರಡು ಪಾಯಿಂಟ್ ಒಂದು. ಮೀಟರಿನ ಸೆಲ್ ಹೋಗಿದೆ ಅಂದುಕೊಂಡು ಬೇರೆ ಹಾಕಿದೆ. ಅಷ್ಟೇ ತೋರಿಸಿತು. ಅದರ ಮರುದಿನ ಹದಿಮೂರು. ಆ ರಾತ್ರಿ ನಾನು ಅರುಣನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ. ಗಿಟಾರ್ ಗೋಡೆಗೆ ಒರಗಿತ್ತು. ಸ್ಪೀಕರ್ ಡಬ್ಬಿ ಆನ್ ಇತ್ತು. ಅದರೊಳಗಿಂದ ತುಂಬ ಸಣ್ಣಗೆ... ಕಿರ್ರ್... ಟಕ್. ಕಿರ್ರ್... ಟಕ್.

ಅರುಣ ಮಲಗಿರಲಿಲ್ಲ. ಕತ್ತಲಲ್ಲಿ ಕೂತು ನಗುತ್ತಿದ್ದ.

ಭಾನುವಾರ ಪ್ರಾಕ್ಟೀಸಿಗೆ ಹೋದರೆ ಭಾರ್ಗವ್, "ಯಾಕೋ ನಂದು ಡಲ್ ಹೊಡೀತಿದೆ ಶಿವಾನಿ, ಒಂದ್ಸಲ ನೋಡ್ತೀಯಾ?" ಅಂದ. ನೋಡಿದೆ. ಹನ್ನೆರಡು ಪಾಯಿಂಟ್ ಏಳು. ಅರುಣನದು ಅವತ್ತು ಬೆಳಿಗ್ಗೆ ಹದಿನಾಲ್ಕು ಪಾಯಿಂಟ್ ಒಂಬತ್ತು. ಎರಡೂ ಕೂಡಿದರೆ ಇಪ್ಪತ್ತೇಳು ಪಾಯಿಂಟ್ ಆರು. ಮೊದಲ ದಿನದ ಎರಡು ಅಂಕಿ ಕೂಡಿದರೂ ಅಷ್ಟೇ. ನೀವೇ ಕೂಡಿ ನೋಡಿ.

ಅವತ್ತು ಅರುಣ, ನಾನು ಇಬ್ಬರೂ ಮುನಿಶಾಮಿಯ ಹತ್ತಿರ ಹೋದೆವು. ಅವನಿಗೆ ಆಶ್ಚರ್ಯ ಆಗಲಿಲ್ಲ.

"ನಮ್ಮಣ್ಣಂಗೆ ಇನ್ನೊಬ್ಬರ ಕೆಲಸ ಚೆನ್ನಾಗಿ ಕಂಡ್ರೆ ಆಗ್ತಿರಲಿಲ್ಲಮ್ಮ. ರಾತ್ರಿ ಹೋಗಿ ಅವರ ಮೋಟಾರಿಂದ ತಂತಿ ಬಿಚ್ಚಿ ತನ್ನ ಕಾಯಿಲ್‌ಗೆ ಸುತ್ಕೊಳ್ಳೋನು. ಈಗ ಇವನಿಗೋಸ್ಕರ ಸುತ್ತುತಾವ್ನೆ. ಆ ಕಡೇ ಸಾವಿರ ಬಿಚ್ಚಿಬಿಡು ನಾಯನಾ, ಹೊರಟೋಗ್ತಾನೆ."

"ಕೋಲಾರ ಮುಗೀಲಿ," ಅಂದ ಅರುಣ.

"ಅದು ಕಳ್ಳತನ ಕಣೋ," ಅಂದೆ ದಾರಿಯಲ್ಲಿ.

"ನಾನೇನು ಕದೀರಿ ಅಂದ್ನಾ? ಒಂದು ಸಲ ಅಕ್ಕ. ಒಂದೇ ಒಂದು ಸಲ ಜನ ಅರುಣ ಬಾರಿಸ್ದ ಅನ್ನಲಿ."

ಕಟ್ಟರ್ ನನ್ನ ಬ್ಯಾಗಿನಲ್ಲೇ ಇತ್ತು. ಅವನು ಮಲಗಿದಾಗ ಒಂದು ಕಡೆ ಕತ್ತರಿಸಿದ್ದರೆ ಸಾಕಿತ್ತು. ಕತ್ತರಿಸಲಿಲ್ಲ. ಯಾಕೆ ಅಂತ ಕೇಳಬೇಡಿ. ಆ ಟಾರ್ಚ್ ಹಿಡಿದ ಕೈ ಇನ್ನೂ ಉರಿಯುತ್ತಿತ್ತು, ಅದಕ್ಕೆ.

ಕೋಲಾರದ ಸಭಾಂಗಣ ತುಂಬಿತ್ತು. ಪರದೆಯ ಹಿಂದೆ ಭಾರ್ಗವ್ ತಂತಿ ಮೀಟಿದ. ಏನೂ ಇಲ್ಲ. ಕೇಬಲ್ ಬದಲಾಯಿಸಿದ. ಇಲ್ಲ. ನಾನು ಮೀಟರ್ ಇಟ್ಟೆ, ಒಳಗೆ ತಂತಿಯೇ ಇಲ್ಲ ಅನ್ನುವ ಹಾಗೆ ಎಡಗಡೆ ಬರೀ 'ಒಂದು' ಅನ್ನುವ ಅಂಕಿ ನಿಂತುಬಿಟ್ಟಿತು. ಅರುಣನದು ಇಪ್ಪತ್ತೇಳು ಪಾಯಿಂಟ್ ಆರು.

ಭಾರ್ಗವ್ ಜಗಳ ಆಡಿದ್ದರೆ ನಮಗೆ ಹಾಯೆನಿಸುತ್ತಿತ್ತು. ಅವನು ತನ್ನ ಕೇಬಲ್ಲನ್ನು ಅರುಣನ ಕೈಗೆ ಕೊಟ್ಟ.

"ಲೀಡ್ ನೀನೇ ಬಾರಿಸು ಕಣೋ. ನಾನು ಕೆಳಗೆ ಕೂತು ಕೇಳ್ತೀನಿ."

ಮೊದಲ ಏಟಿಗೆ ಕಿಟಕಿ ಗಾಜುಗಳು 'ಝಿಣ್' ಅಂದವು. ಅಂಥ ಸದ್ದು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ನನಗೆ ಅಳು ಬಂತು, ಹೆಮ್ಮೆಗೆ. ಆಮೇಲೆ ಲೀಡ್ ಶುರುವಾಯಿತು... ಭಾರ್ಗವನಿಗೆ ಒಂದು ಅಭ್ಯಾಸ ಇತ್ತು, ಪ್ರತಿ ಸಾಲಿನ ಕಡೇ ಸ್ವರವನ್ನು ಸ್ವಲ್ಪ ತಡ ಮಾಡಿ ಎಳೆದು ನಡುಗಿಸುತ್ತಿದ್ದ. ಸ್ಪೀಕರಿನಿಂದ ಅದೇ ಬರುತ್ತಿತ್ತು. ಅರುಣನ ಬೆರಳು ಒಂದು ಕಡೆ ಇದ್ದರೆ ಸದ್ದು ಇನ್ನೊಂದು ಕಡೆ. ಅವನು ಬೆವರುತ್ತ ಬಾರಿಸುತ್ತಿದ್ದ. ಕೈ ನಿಲ್ಲಿಸಿದ ಮೇಲೂ ಕಡೇ ಸ್ವರ ನಡುಗುತ್ತಲೇ ಇತ್ತು.

ಚಪ್ಪಾಳೆ, ಶಿಳ್ಳೆ. ಜನ ಎದ್ದು ಬಂದರು. ವೇದಿಕೆಗೆ ಅಲ್ಲ. ಮೂರನೇ ಸಾಲಿನಲ್ಲಿ ಬರಿಗೈಯಲ್ಲಿ ಕೂತಿದ್ದ ಭಾರ್ಗವನ ಹತ್ತಿರ.

"ಏನ್ ಬಾರಿಸಿದ್ಯಪ್ಪಾ," ಅಂತ ಒಬ್ಬರಾದ ಮೇಲೆ ಒಬ್ಬರು ಅವನ ಕೈ ಕುಲುಕಿದರು.

"ನಾನಲ್ಲ, ಅವನು. ನಾನು ಇಲ್ಲೇ ಕೂತಿದ್ದೆ," ಅಂದ ಭಾರ್ಗವ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೇಜಿನ ಮೇಷ್ಟ್ರು ಚನ್ನರಾಯಪ್ಪನವರು ಅವನಿಗೇ ಹಾರ ಹಾಕಿದರು. ಅರುಣ ವೇದಿಕೆಯ ಮೇಲೆ ಗಿಟಾರ್ ಹಿಡಿದು ನಿಂತೇ ಇದ್ದ. ಲೈಟಿನವನು ಬಂದು, "ಸ್ವಲ್ಪ ಜರುಗಪ್ಪ, ವೈರ್ ಸುತ್ತಬೇಕು" ಅಂದ.

ಮರುದಿನ ಹಗಲಲ್ಲೇ, ಮುನಿಶಾಮಿಯ ಅಂಗಡಿಯಲ್ಲಿ ಎರಡೂ ಪಿಕಪ್ ಬಿಚ್ಚಿದೆವು. ಭಾರ್ಗವ್ ತನ್ನದನ್ನು ನನ್ನ ಕೈಗೇ ಕೊಟ್ಟು, "ನೀನೇ ನೋಡು ಶಿವಾನಿ, ನಂಗೆ ಗೊತ್ತಾಗಲ್ಲ" ಅಂದಿದ್ದ. ಕಂಪನಿಯ ಟೇಪು ಒಂದು ಚೂರೂ ಎದ್ದಿರಲಿಲ್ಲ. ಬಿಡಿಸಿದೆ. ಒಳಗೆ ಒಂದು ಸುತ್ತೂ ಇಲ್ಲ, ಬರೀ ಪ್ಲಾಸ್ಟಿಕ್ಕು.

ಆಮೇಲೆ ಅರುಣನದು. ಅವನೇ ತಂತಿ ಎಳೆಯುತ್ತ ಹೋದ. ಫಳಫಳ ಕೆಂಪು ತಂತಿ, ಕಂಪನಿಯದು. ಇನ್ನೂ ಎಳೆದ. ಕೆಂಪು. ಬುಡ ಮುಟ್ಟುವ ತನಕ ಕೆಂಪು. ಆಂಜಿನಪ್ಪನ ಉಂಡೆಯ ತಂತಿ ಹಳೇದು, ಕಾಫಿ ಕಷಾಯದ ಬಣ್ಣದ್ದು. ಅದನ್ನು ಅರುಣ ಸುತ್ತುವಾಗ ನಾನು ಎದುರಿಗೇ ಕೂತಿದ್ದೆ.

"ಅಕ್ಕ," ಅಂದ ಅವನು, "ನಾನು ಸುತ್ತಿದ್ದು ಎಲ್ಲಿ?"

ಮುನಿಶಾಮಿ ನೆಲ ಗುಡಿಸಿ ನೋಡಿದ. ನಾನು ಟೇಪಿನ ಚೂರನ್ನೂ ಬಿಡದೆ ನೋಡಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಬಿಚ್ಚಿದ ಕೈ ನನ್ನದು. ಆ ಹಳೇ ತಂತಿ ಒಂದು ಗೇಣೂ ಸಿಗಲಿಲ್ಲ.