ಜಾಗ ಸಾಲಲಿಲ್ಲ

ಇಲ್ಲ ಅತ್ತಿಗೆ, ಪಾಠದ ವೆಬ್‌ಸೈಟ್ ಹೋಗಿಲ್ಲ, ಬಂದಿದೆ... ನೋಡಿ, ತೆರೆದೇ ಇದೆ. ಯಾವ ಪಾಠ ಬೇಕಾದ್ರೂ ಒತ್ತಿ. ಭಿನ್ನರಾಶಿ ಒತ್ತಿ. ಕೇಳಿಸ್ತಾ? ಅಣ್ಣನ ದನಿ, ಒಂಚೂರೂ ಕೆಟ್ಟಿಲ್ಲ. ಕಣ್ಣು ಕಾಣದ ಮಕ್ಕಳಿಗೆ ಇದೇ ಪುಸ್ತಕ, ಇದೇ ಮೇಷ್ಟ್ರು ಅಂತ ನೀವೇ ಹೇಳ್ತೀರಲ್ಲ. ಅವನು ಹೋಗಿ ಎರಡು ವರ್ಷ ಆಯ್ತು, ದಿನಾ ಪಾಠ ಮಾಡ್ತಾನೇ ಇದ್ದಾನೆ.

ಯಾಕೆ ಹಾಗೆ ನೋಡ್ತೀರಿ? ಹೌದು, ಬೆಳಿಗ್ಗೆ ಒಂದು ಗಂಟೆ ಹೊತ್ತು ನಿಂತಿತ್ತು. ಒಂದೂವರೆ.

ಸುಮ್ಮಸುಮ್ಮನೆ ಕೈ ಹಾಕಿದ್ದಲ್ಲ ನಾನು. ನಾವು ಬಾಡಿಗೆಗೆ ತಗೊಂಡಿರೋ ಸರ್ವರ್ ಇದೆಯಲ್ಲ, ಅದರಲ್ಲಿ ಸೈಟ್ ನಡೆಸೋ ತಂತ್ರಾಂಶ ಹಳೇದಾಗಿತ್ತು. 'ಹೊಸದು ಹಾಕ್ಕೊಳ್ಳಿ, ಇಲ್ಲಾಂದ್ರೆ ಕಂಡೋರೆಲ್ಲ ಒಳಗೆ ನುಗ್ತಾರೆ' ಅಂತ ಸರ್ವರ್ ಕೊಟ್ಟೋರು ಮೂರು ಸಲ ಬರೆದಿದ್ರು. ನಾನೇ ನಾಳೆ ನಾಡಿದ್ದು ಅಂತ ತಳ್ಳಿದೆ. ಇವತ್ತು ಕೂತೆ. ಹಳೇದನ್ನ ತೆಗೆದೆ, ಹೊಸದು ಅರ್ಧಕ್ಕೇ ನಿಂತುಬಿಡ್ತು. ಡಿಸ್ಕಲ್ಲಿ ಜಾಗ ಇಲ್ಲ ಅಂತು. ಅತ್ತ ಅದೂ ಇಲ್ಲ, ಇತ್ತ ಇದೂ ಇಲ್ಲ. ನಾಳೆ ಪರೀಕ್ಷೆ ಬೇರೆ... ಫೋನು ಶುರುವಾಯ್ತು. ಒಬ್ಬಳು ಹುಡುಗಿ, 'ಮೇಷ್ಟ್ರು ಮಾತಾಡ್ತಿಲ್ಲ' ಅಂದಳು.

ಕಾಪಿನಾ? ತಗೊಂಡಿದ್ದೆ. ಪಾಠಗಳದ್ದೆಲ್ಲ ಇದೆ.

ಆಮೇಲೇನು... ಜಾಗ ಮಾಡ್ದೆ. ಬೇಡದ್ದು ಅಳಿಸ್ದೆ, ಕಸಕಡ್ಡಿ. ಅದೂ ಸಾಲಲಿಲ್ಲ. ಒಂದು ದೊಡ್ಡ ಫೋಲ್ಡರ್ ಇತ್ತು, 'ತಾತ್ಕಾಲಿಕ' ಅಂತ ಹೆಸರು. ಅಂಥ ಹೆಸರಿಟ್ಟರೆ ಯಾರಿಗೆ ತಾನೆ ಅನುಮಾನ ಬರುತ್ತೆ, ನೀವೇ ಹೇಳಿ. ಅದರಲ್ಲಿ ಏನಿದೆ ಅಂತ ನನಗೆ ಹೇಗೆ...

ಅತ್ತಿಗೆ, ಮೌಸ್ ಯಾಕೆ ಬಿಟ್ರಿ?

ಸರ್ವರ್ ಕೊಟ್ಟೋರನ್ನ ಕೇಳಿದೆ, ಎರಡೆರಡು ಸಲ ಕೇಳಿದೆ. ಅದರ ಕಾಪಿ ಅವರ ಹತ್ರಾನೂ ಇಲ್ಲವಂತೆ. ಏನಾದ್ರೂ ಅನ್ನಿ. ಬೈಯಿರಿ. ಅದರಲ್ಲಿ ಏನಿದೆ ಅಂತ ನಿಂಗೆ ಗೊತ್ತಿರಲಿಲ್ವಾ ಅಂತಾದ್ರೂ ಕೇಳಿ...

ಗೊತ್ತಿತ್ತು.

ಈ ಮನೆಯಿಂದ ದಿನಾ ಮಧ್ಯಾಹ್ನ ಯಾರೋ ಅದನ್ನ ತೆಗೆದು ಕೇಳ್ತಾರೆ ಅಂತ ಸರ್ವರಲ್ಲಿ ಕಾಣುತ್ತೆ. ಯಾರು ಅಂತ ಗೊತ್ತಿತ್ತು. ಅಳಿಸೋ ಮುಂಚೆ ಒಂದು ರೆಕಾರ್ಡಿಂಗ್, ಪಾಠಕ್ಕೆ ಅಂತ ಕತ್ತರಿಸೋಕೆ ಮುಂಚಿನದ್ದು, ಹಾಕಿ ಕೇಳಿದೆ ಕೂಡ. ಆಸ್ಪತ್ರೆ ಮಂಚದ ಮೇಲೆ ಅಣ್ಣ, ಕೆಮ್ಮುತ್ತಾ ಕೆಮ್ಮುತ್ತಾ ತ್ರಿಕೋನ ಹೇಳ್ತಿದ್ದ. 'ಸಾಕು, ಮಲಗಿ' ಅಂದ್ರಿ ನೀವು. 'ಇದೊಂದು ಲೆಕ್ಕ ಕಣೇ' ಅಂದ ಅವನು. ಇಬ್ಬರೂ ನಕ್ಕಿರಿ. ಅಲ್ಲಿಗೆ ನಿಲ್ಲಿಸಿಬಿಟ್ಟೆ.

ಅದರ ಕಾಪಿ ಇಲ್ಲ. ತಗೊಳ್ಳೋಕೆ ಇಪ್ಪತ್ತು ನಿಮಿಷ ಸಾಕಿತ್ತು. ಸೈಟ್ ಇನ್ನೂ ಇಪ್ಪತ್ತು ನಿಮಿಷ ಬಿದ್ದಿದ್ರೆ, 'ಇವನ ಕೈಗೆ ಕೊಟ್ಟಿದ್ದೇ ತಪ್ಪು' ಅಂತಾರೆ ಅನ್ನಿಸ್ತು. ಒತ್ತಿಬಿಟ್ಟೆ. ಮಕ್ಕಳಿಗೋಸ್ಕರ ಮಾಡ್ದೆ ಅಂತ ಹೇಳೋಣ ಅಂದ್ಕೊಂಡೇ ದಾರಿಯುದ್ದಕ್ಕೂ ಬಂದೆ, ಅತ್ತಿಗೆ.

ಮಕ್ಕಳು ಇನ್ನಿಪ್ಪತ್ತು ನಿಮಿಷ ಕಾಯ್ತಿದ್ರು. ಕಾಯೋಕಾಗದೇ ಇದ್ದೋನು ನಾನು.