ಹದಿನಾಲ್ಕನೇ ಮಾಳಿಗಿಯ ಗಾಜು

ರಾಯಚೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಕೂತಿದ್ದರು. ತಮ್ಮ ಹೈದರಾಬಾದಿನಿಂದ ಆಗಷ್ಟೇ ಬಂದಿದ್ದ. ಅವರ ತಾಯಿ ನೀರು ತರಲು ಹೋಗಿದ್ದರು.

“ಹದಿನಾಲ್ಕನೇ ಮಾಳಿಗಿಗೆ ಗಾಜು ಕೂಡಸಾಕತ್ತೀವಿ ಅಕ್ಕಾ. ಜೋಡಿ ಗಾಜು. ಬಿಸಲಿನ ಝಳ ಆಫೀಸಿನೊಳಗ ಬರಂಗಿಲ್ಲ, ಎಸಿಗೆ ಕರೆಂಟು ಕಡಿಮಿ ಸಾಕು.”

“ಒಳಗ ಕುಂತವರಿಗೆ ತಂಪು ಬಿಡು. ನೀ ಎಲ್ಲಿ ನಿಂತಿರ್ತಿ?”

“ಹೊರಗ, ಹಗ್ಗಕ್ಕ ಜೋತಾಡೋ ತೊಟ್ಟಿಲಿನಂಥ ಜೂಲಾದಾಗ.”

“ಅವ್ವಗ ಹೇಳೀಯೇನು?”

“ಅಂಗಡಿಗೆ ಕನ್ನಡಿ ಕೂಡಸ್ತೀನಿ ಅಂದೀನಿ. ನೀನೂ ಹೇಳಬ್ಯಾಡ.”

“ನೀ ಸ್ಟೇಟಸ್ಸಿಗೆ ಹಾಕಿದ ಜೂಲಾದ ಫೋಟೋ ಅವ್ವ ಎಂದೋ ನೋಡ್ಯಾಳ.”

“ನನಗೇನೂ ಅನ್ನಲಿಲ್ಲಲ್ಲ?”

“ನಿನಗ್ಯಾಕ ಅಂತಾಳ? ಎಲ್ಲಮ್ಮಗ ಹರಕಿ ಹೊತ್ತಾಳ. ಇವತ್ತು ನೀರಮಾನ್ವಿ ಗುಡಿಗೆ ಅದಕ್ಕ ಹೊಂಟೀವಿ.”

ನೀರಮಾನ್ವಿ ಮೇಲೆ ಹೋಗುವ ಮಾನ್ವಿ ಬಸ್ಸು ಬಂತು. ಬಾಟಲಿಗೆ ನೀರು ತುಂಬಿಸಿಕೊಂಡು ಬಂದ ತಾಯಿ ಬಾಗಿಲಲ್ಲಿ ಮಗನ ತೋಳು ಹಿಡಿದುಕೊಂಡರು.

“ಹುಷಾರಾಗಿ ಹತ್ತಪಾ. ಮೆಟ್ಟಲ ಎತ್ತರ ಅದಾವ.”