ಸತ್ತ ಮೇಲೆ ಬಿದ್ದ ಠಸ್ಸೆ

ಹಾಗೆ ಹಿಡೀಬೇಡಿ ಪ್ರೂಯಿಟ್ ಅವರೇ, ಅಂಚು ಹಿಡ್ಕೊಳ್ಳಿ, ಅಂಚು... ನೂರೈವತ್ತು ವರ್ಷದ ಕಾಗದ ಅದು, ಬೆವರು ತಾಗಿದ್ರೆ ಮುಗೀತು. ಹಾಂ, ಹಾಗೆ. ಅಡುಗೆಮನೇಲಿ ನಮ್ಮಮ್ಮನ ಜೊತೆ ಅಷ್ಟು ಹೊತ್ತು ಕೂತಿದ್ರಲ್ಲ, ಇನ್ನು ಸ್ವಲ್ಪ ನನ್ನ ಹತ್ರಾನೂ ಕೂತ್ಕೊಳ್ಳಿ. ಪೀಚ್ ಪೈ ತಿನ್ನಿಸದೆ ಬಿಟ್ಟಿರಲ್ಲ ಅವಳು. ತೊಂಬತ್ತು ದಾಟಿದ್ರೂ ಕೈ ನಿಂತಿಲ್ಲ ನೋಡಿ.

ಇದು ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆ ಕಾದಾಡಿದ ಕಾನ್ಫೆಡರೇಟ್ ಸೈನಿಕನೊಬ್ಬ ಮನೆಗೆ ಬರೆದ ಕಾಗದದ ಲಕೋಟೆ. ಸ್ಟಾಂಪ್ ಎಲ್ಲಿ ಅಂತ ಹುಡುಕ್ತಿದ್ದೀರಾ? ಇಲ್ಲ. ಸ್ಟಾಂಪಿಗೆ ದುಡ್ಡೆಲ್ಲಿತ್ತು ಪಾಪ ಆ ಹುಡುಗರ ಹತ್ರ. ತನ್ನ ಹೆಸರು, ದಳದ ಹೆಸರು ಬರೆದು ಹಾಕೋದು, ಊರಲ್ಲಿ ಅಪ್ಪ ಹತ್ತು ಸೆಂಟ್ ತೆತ್ತು ಬಿಡಿಸ್ಕೊಳ್ಳೋದು. ಈಗ ಅಂಚೆ ಕಚೇರಿ ಠಸ್ಸೆ ನೋಡಿ. ರಿಚ್ಮಂಡ್, ಜುಲೈ ಹದಿನಾಲ್ಕು. ಹುಡುಗ ಸತ್ತಿದ್ದು ಜುಲೈ ಒಂದಕ್ಕೆ.

ಯಾಕೆ ನಗ್ತೀರಿ? ...ನಗಲಿಲ್ವಾ? ಸರಿ, ನಕ್ಕ ಹಾಗೆ ಕಾಣ್ತು.

ಸತ್ತೋನು ಹೇಗೆ ಅಂಚೆಗೆ ಹಾಕಿದ ಅಂತೀರಿ. ಜೊತೆಗಾರ ಯಾವನೋ ಜೇಬಿಂದ ತೆಗೆದು ತನ್ನ ಹತ್ರ ಇಟ್ಕೊಂಡಿದ್ದು, ರಿಚ್ಮಂಡ್ ತಲುಪಿದಾಗ ಹಾಕಿದಾನೆ. ಅಪ್ಪ ಹತ್ತು ಸೆಂಟ್ ಕೊಟ್ಟು ಸತ್ತ ಮಗನ ಕಾಗದ ಬಿಡಿಸ್ಕೊಂಡಿದಾನೆ. ಇಡೀ ಆಲ್ಬಮ್ ಇಂಥವೇ. ಬೇರೆಯೋರು ಅಪರೂಪದ ಊರಿನ ಠಸ್ಸೆ ಹುಡುಕ್ತಾರೆ, ಶಾಯಿ ಬಣ್ಣಕ್ಕೆ ಕಿತ್ತಾಡ್ತಾರೆ. ನಂಗೆ ಇದೊಂದೇ, ಬರೆದೋನು ಸತ್ತ ಮೇಲೆ ಬಿದ್ದ ಠಸ್ಸೆ. ಸ್ಟಾಂಪ್ ಮೇಳದಲ್ಲಿ ನನ್ನನ್ನ 'ಗೋರಿ ವರ್ಲಿನ್' ಅಂತ ಆಡ್ಕೋತಾರೆ. ಆಡ್ಕೊಳ್ಳಿ, ನನ್ನ ಗಂಟೇನು ಹೋಗುತ್ತೆ.

ಬಂದೆ, ನಮ್ಮಣ್ಣ ಡ್ಯೂಯಿ ವಿಷಯಕ್ಕೇ ಬಂದೆ, ಅವಸರ ಮಾಡಬೇಡಿ. ವಿಯೆಟ್ನಾಮಲ್ಲಿ ನೀವೂ ಅವನೂ ಅಕ್ಕಪಕ್ಕ ಮಲಗ್ತಿದ್ರಿ, ನಂಗೊತ್ತು, ಕಾಗದದಲ್ಲಿ ನಿಮ್ಮ ಗೊರಕೆ ಬಗ್ಗೆ ಬರೀತಿದ್ದ. ಇಷ್ಟು ವರ್ಷ ಬಿಟ್ಟು ಬಂದಿದ್ದೀರಿ, ಇನ್ನೊಂದು ಪುಟ ನೋಡಿದ್ರೆ ಏನು ಗಂಟು ಹೋಗುತ್ತೆ? ಇದು ಒಳಹೊರಗು ಮಾಡಿದ ಲಕೋಟೆ. ಕಾಗದಕ್ಕೆ ಅಷ್ಟು ಬರ ಆಗ. ಮಗ ಕಳಿಸಿದ್ದನ್ನೇ ತಾಯಿ ಬಿಚ್ಚಿ, ತಿರುವಿ ಅಂಟಿಸಿ, ಮಗನಿಗೇ ವಾಪಸ್ ಬರೆದಿದಾಳೆ. ಅದು ಅಲ್ಲಿ ಹೋಗೋ ಹೊತ್ತಿಗೆ... ಬಿಡಿ. ಮುಚ್ಚಿಡ್ತೀನಿ ಇದನ್ನ.

ಹೇಳಿಬಿಡ್ತೀನಿ. ಸೈನ್ಯದೋರು ಬಾಗಿಲಿಗೆ ಬಂದು, ಹೆಲಿಕಾಪ್ಟರ್ ಹೊಳೆಗೆ ಬಿತ್ತು, ದೇಹ ಸಿಕ್ಕಿಲ್ಲ ಅಂತ ಹೇಳಿ ಹೋದ್ರು. ಆಮೇಲೆ ಡ್ಯೂಯಿ ಕಾಗದ ಬಂತು. ಸ್ಟಾಂಪ್ ಜಾಗದಲ್ಲಿ 'ಫ್ರೀ' ಅಂತ ಅವನ ಕೈಬರಹ, ಯುದ್ಧದಲ್ಲಿರೋರಿಗೆ ಅಂಚೆ ಪುಕ್ಕಟೆ ಅಲ್ವಾ. ಠಸ್ಸೆ ಓದಿದ್ದು ನಾನು. ಹೆಲಿಕಾಪ್ಟರ್ ಬಿದ್ದು ಐದು ದಿನ ಆದ ಮೇಲಿಂದು. 'ಅಮ್ಮಾ, ಬದುಕಿದಾನೆ' ಅಂತ ಕೂಗಿದೆ. ಅವತ್ತಿಂದ ಅಮ್ಮ ನಂಬಿಕೊಂಡೇ ಇದಾಳೆ. ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಅವನಿಗೂ ಒಂದು ತಟ್ಟೆ ಇಡ್ತಾಳೆ ಸ್ವಾಮಿ. ಅದಕ್ಕೇ ಕೇಳ್ಕೊಳ್ಳೋದು. ಠಸ್ಸೆ ಬಿದ್ದ ದಿನ ಡ್ಯೂಯಿನ ಕಣ್ಣಾರೆ ನೋಡಿದೆ ಅಂತ ಅವಳ ಹತ್ರ ಒಂದು ಮಾತು ಅಂದುಬಿಡಿ. ಸುಳ್ಳಾದ್ರೆ ಸುಳ್ಳಾಗ್ಲಿ. ಎಷ್ಟು ದಿನ ಇರ್ತಾಳೆ ಅವಳಿನ್ನು.

ಅಡುಗೆಮನೆ ಕಡೆ ಯಾಕೆ ನೋಡ್ತೀರಿ?

ನಿಜ ಹೇಳಿಬಿಟ್ರಾ ಆಗಲೇ? ...ಅಳೋ ಸದ್ದೇ ಕೇಳಲಿಲ್ವಲ್ಲ. ಪೈ ಬೇರೆ ಕಟ್ಟಿಕೊಟ್ಟಿದಾಳೆ ನಿಮಗೆ. ಏನಂದ್ಲು? ಅಲ್ಲ... ಏನಂದ್ಲು ನಮ್ಮಮ್ಮ?

ಅವಳಿಗೆ ಮೊದಲೇ ಗೊತ್ತಿತ್ತಾ?

ಪ್ರೂಯಿಟ್ ಅವರೇ, ಅವಳಂದಿದ್ದನ್ನ ಹಾಗೇ ಹೇಳಿ. ಟೋಪಿ ತಿರುಗಿಸ್ತಾ ಕೂರಬೇಡಿ. 'ನಮ್ಮ ವರ್ಲಿನ್‌ಗೆ ಹೇಳಬೇಡಿ, ತಡ್ಕೊಳ್ಳಲ್ಲ ಅವನು'... ಹಾಗಂದ್ಲಾ? ನಿಮ್ಮ ಹತ್ರ ಹಾಗೆ ಕೇಳ್ಕೊಂಡ್ಲಾ ಅವಳು?

ಹೌದಾ. ಸರಿ. ತಟ್ಟೆ ಇಡೋದು ಅಮ್ಮ ಅಲ್ಲ. ನಾನು. ಅವಳು ಒಂದು ಮಾತೂ ಆಡದೆ ಬಡಿಸ್ತಾಳೆ ಅದಕ್ಕೂ. ಊಟ ಆದ ಮೇಲೆ ತಾನೇ ಎತ್ತಿ ತೊಳೀತಾಳೆ. ಪಾಪ, ನನಗೋಸ್ಕರ ತೊಳೀತಿದ್ಲು ಇಷ್ಟು ವರ್ಷ. ನೋಡಿ, ಒಂದೊಂದು ಲಕೋಟೇನೂ ಅದನ್ನೇ ಹೇಳ್ತಿತ್ತು ನಂಗೆ, ಠಸ್ಸೆ ಬಿದ್ದ ದಿನಕ್ಕೂ ಬರೆದೋನ ಉಸಿರಿಗೂ ಸಂಬಂಧ ಇಲ್ಲ ಅಂತ. ಇನ್ನೊಂದು ಕೊಂಡ್ಕೊಂಡು ಬರ್ತಿದ್ದೆ. ಇವರೆಲ್ಲ ಸತ್ತೋರು, ನಮ್ಮ ಡ್ಯೂಯಿ ಹಾಗಲ್ಲ, ಅವನು ಬೇರೆ... ಅಂತ ಅಂದ್ಕೋತಿದ್ದೆ.

ಎಲ್ಲಿತ್ತು ಡ್ಯೂಯಿ ಕಾಗದ? ದಿಂಬಿನ ಕೆಳಗಾ? ಹೂಂ. ಅವನು ಹೋದ ಮೇಲೆ ಅಂಚೆಗೆ ನೀವೇ ಹಾಕಿದ್ದು. ಬೈತಿಲ್ಲ ನಾನು, ಸುಮ್ಮನಿರಿ. ನಾನಾಗಿದ್ರೂ ಹಾಕ್ತಿದ್ದೆ. ನಿಮಗೂ ಆಗ ಇಪ್ಪತ್ತೇ ವಯಸ್ಸು.

ಇಲ್ನೋಡಿ, ಆಲ್ಬಮ್ಮಿನ ಕೊನೇ ಪುಟ. ಲಕೋಟೆ ಸಿಕ್ಕಿಸೋ ಮೂಲೆ ಅಂಟಿಸಿ ರೆಡಿ ಮಾಡಿಟ್ಟು ಎಷ್ಟೋ ವರ್ಷ ಆಯ್ತು, ಖಾಲಿ ಇದೆ. ಯಾರಾದ್ರೂ ಕೇಳಿದ್ರೆ, ಒಳ್ಳೇದೊಂದು ಸಿಗಲಿ ಅಂತ ಕಾಯ್ತಿದೀನಿ ಅಂತಿದ್ದೆ. ಡ್ಯೂಯಿ ಕಾಗದ ಇಲ್ಲೇ ಇದೆ, ನನ್ನ ಅಂಗಿ ಜೇಬಲ್ಲಿ. ತಗೊಳ್ಳಿ.

ನನ್ನ ಕೈಲಿ ಆಗಲ್ಲ. ಅವತ್ತು ಅಂಚೆಗೆ ಹಾಕಿದ್ದು ನೀವೇ ತಾನೇ, ಇಲ್ಲೂ ನೀವೇ ಹಾಕಿಬಿಡಿ. ನಿಧಾನ. ...ಅಂಚೇ ಹಿಡೀಬೇಕು ಅಂತೇನಿಲ್ಲ ಪ್ರೂಯಿಟ್ ಅವರೇ, ಹೇಗೆ ಬೇಕಾದ್ರೂ ಹಿಡ್ಕೊಳ್ಳಿ.